ಕಲ್ಲಾದ ಮೃಗಗಳ ಮೊಗಸಾಲೆ

ಕಾಶಿ, ಗಯೆಗಳ ಯಾತ್ರೆಗೆಂದು ಹೊರಟ ನಮ್ಮ ಮಲೆನಾಡಿಗರು, ಕಾಲವೂ ಕೈಯಲ್ಲಿ ಕಾಸೂ ಒದಗಿದರೆ, ಕಲಕತ್ತೆಯವರೆಗೂ ಹೋಗಿಬರುವ ಪದ್ಧತಿಯು ಹಿಂದಿನಿಂದಲೂ ಉಂಟು. ಹಾಗೆ ಹೋದವರು ಕಾಳೀಘಟ್ಟ, ದಕ್ಷಿಣೇಶ್ವರ, ಬೇಲೂರು ಮಠಗಳನ್ನು ತಪ್ಪದೆ ನೋಡುತ್ತಾರೆ. ಹೌರಾ ಸೇತುವೆಯನ್ನು ಕಂಡು ಬೆರಗಾಗುತ್ತಾರೆ. ಚೌರಂಗಿಯ ಬೀದಿಯಲ್ಲಿರುವ ಇಂಡಿಯನ್ ಮ್ಯೂಸಿಯಂ ಎಂಬ ವಸ್ತುಸಂಗ್ರಹಾಲಯದೊಳಕ್ಕೆ ಹೊಕ್ಕು ಬಂದವರೂ ಅನೇಕರಿದ್ದಾರೆ. ಆದರೆ ಹೊಕ್ಕವರಲ್ಲಿ ಹೆಚ್ಚಿನವರು ಈಜಿಪ್ಟ್ ದೇಶದಿಂದ ತಂದ ಮಮ್ಮಿಯನ್ನು ನೋಡುವ ಆತುರದಲ್ಲಿ, ಶಿವಾಲಿಕ ಪ್ರದರ್ಶನಶಾಲೆಯನ್ನು ದಾಟಿ ನಡೆದುಬಿಡುತ್ತಾರೆ. ಆ ಶಾಲೆಯಲ್ಲಿ ಒಂದು ಮಧ್ಯಾಹ್ನವನ್ನು ಕಳೆದ ನಾವು, ಅಲ್ಲಿ ಕಂಡುದನ್ನೂ ಅಲ್ಲಿಂದ ನಮ್ಮ ಊರಿಗೆ ಹೊತ್ತುತಂದ ಒಂದು ವಿಚಾರವನ್ನೂ ವಾಚಕರ ಮುಂದಿಡಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮದು ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳ ಮೂರು ಮನೆಗಳಿಂದ ಕೂಡಿದ ಯಾತ್ರಿಕರ ತಂಡ. ಪರಸ್ಪರ ಬಂಧುತ್ವವಲ್ಲದೆ ನಮ್ಮೆಲ್ಲರಿಗೂ ಇನ್ನೊಂದು ಸಂಬಂಧವಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರದ ಸೀಮೆಯನ್ನು ಹಾದು, ಸಾಗರದ ಸೀಮೆಯಲ್ಲಿ ಜೋಗದ ಕಮರಿಗೆ ಧುಮುಕಿ, ಸಮುದ್ರವನ್ನು ಸೇರುತ್ತದೆ. ಒಂದೇ ಹೊಳೆಯ ನೀರನ್ನು ಕುಡಿದವರು ನಾವು. ಈ ಹೊಳೆಯ ಮಾತು ಮುಂದೆ ಮತ್ತೆ ಬರಲಿರುವುದರಿಂದ ಇಲ್ಲಿಯೇ ಹೇಳಿಟ್ಟೆವು.

ಬಂಗಾಳಿಗಳು ಈ ಸಂಗ್ರಹಾಲಯವನ್ನು ‘ಜಾದುಘರ’ವೆಂದು ಕರೆಯುತ್ತಾರೆ. ೧೮೧೪ರಲ್ಲಿ ಅಲ್ಲಿಯ ಏಷ್ಯಾಟಿಕ್ ಸೊಸೈಟಿಯ ಆಶ್ರಯದಲ್ಲಿ, ನಥಾನಿಯಲ್ ವಾಲಿಚ್ ಎಂಬ ಡೆನ್ಮಾರ್ಕಿನ ಸಸ್ಯಶಾಸ್ತ್ರಜ್ಞನ ಪ್ರಯತ್ನದಿಂದ ಇದು ಆರಂಭವಾಯಿತು. ಈಗಿರುವ ಭವನವು ೧೮೭೮ರಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ನಡುವೆ ವಿಶಾಲವಾದ ಅಂಗಳ, ಸುತ್ತಲೂ ಎತ್ತರವಾದ ಕಂಬಗಳ ಜಗಲಿ, ಜಗಲಿಯಿಂದ ಒಳಗೆ ದೊಡ್ಡ ದೊಡ್ಡ ಶಾಲೆಗಳು. ನಮ್ಮ ಕಡೆಯ ತೊಟ್ಟಿಯ ಮನೆಯನ್ನೇ ನೂರು ಪಾಲು ಹಿಗ್ಗಿಸಿ ಕಟ್ಟಿದಂತಿದೆ ಎಂದು ನಮ್ಮ ತಂಡದ ಹೆಂಗಸರು ಹೇಳಿದುದು ಬಹಳ ಮಟ್ಟಿಗೆ ನಿಜವಾಗಿತ್ತು.

ಹಿಮಾಲಯದ ಬುಡದಲ್ಲಿ, ಅದಕ್ಕೆ ಹೊರ ಅಂಚು ಕಟ್ಟಿದಂತೆ, ತಗ್ಗಾದ ಬೆಟ್ಟಗಳ ಸಾಲೊಂದಿದೆ. ಅದೇ ಶಿವಾಲಿಕ. ಆ ಬೆಟ್ಟಗಳ ಒಡಲಿನಿಂದ ದೊರೆತ, ಶಿಲೀಭೂತವಾದ ಮೃಗಗಳ ತಲೆಬುರುಡೆ, ದವಡೆ, ಹಲ್ಲು, ಕಾಲಿನ ಎಲುಬು ಮೊದಲಾದವುಗಳನ್ನು ಈ ಶಾಲೆಯಲ್ಲಿ ಜೋಡಿಸಿಟ್ಟಿದ್ದಾರೆ. ಇವುಗಳಿಗೆ ಈಗ ಪಳೆಯುಳಿಕೆಗಳೆಂಬ ಹೆಸರು ರೂಢಿಗೆ ಬಂದಿದೆ. ಕೈಯಿಂದ ಮುಟ್ಟಲು ಅಪ್ಪಣೆಯಿಲ್ಲ; ಮುಟ್ಟಿದರೆ ಎಲುಬಿನ ಹಗುರವಿಲ್ಲದೆ ಕಲ್ಲಿನ ಭಾರವೇ ತಿಳಿದೀತು. ಏಕೆಂದರೆ, ಮಣ್ಣಿನಡಿಯಲ್ಲಿ ಲಕ್ಷಾಂತರ ವರ್ಷ ಹುದುಗಿದ್ದ ಎಲುಬಿನ ಸೂಕ್ಷ್ಮ ರಂಧ್ರಗಳಲ್ಲಿ ನೀರಿನಲ್ಲಿ ಕರಗಿದ ಖನಿಜಗಳು ಸ್ವಲ್ಪ ಸ್ವಲ್ಪವಾಗಿ ತುಂಬಿಕೊಂಡು, ಆಕಾರವು ಎಲುಬಿನದೇ ಆಗಿ ಉಳಿದು, ವಸ್ತುವು ಕಲ್ಲಾಗಿ ಪರಿಣಮಿಸುತ್ತದೆ.

ಮೊದಲು ನಮ್ಮ ಕಣ್ಣನ್ನು ಸೆಳೆದುದು ಗಣೇಶನ ಹೆಸರನ್ನು ಹೊತ್ತಿರುವ ಒಂದು ಗಜಜಾತಿ. ಶಾಸ್ತ್ರಜ್ಞರು ಇದನ್ನು ಸ್ಟೆಗೊಡಾನ್ ಗಣೇಶ ಎಂದು ಕರೆದಿದ್ದಾರೆ. ಈ ಜಾತಿಯ ದಂತಗಳು ಹತ್ತು ಅಡಿಗೂ ಮಿಕ್ಕು ಬೆಳೆಯುತ್ತಿದ್ದವು. ಮತ್ತು ಅವೆರಡೂ ಒಂದಕ್ಕೊಂದು ಎಷ್ಟು ಒತ್ತಾಗಿದ್ದವೆಂದರೆ, ನಡುವೆ ಸೊಂಡಿಲು ಇಳಿಯಲು ಎಡೆಯಿಲ್ಲದೆ, ಅದು ಪಕ್ಕಕ್ಕೆ ಜೋತುಬಿದ್ದಿರಬೇಕೆಂದು ತಿಳಿದವರು ಊಹಿಸುತ್ತಾರೆ. ಸ್ಟೆಗೊಡಾನ್ ಎಂದರೆ ಗ್ರೀಕ್ ಭಾಷೆಯಲ್ಲಿ ‘ಮಾಡಿನಂತಹ ಹಲ್ಲುಳ್ಳದ್ದು’ ಎಂದು ಅರ್ಥ. ದವಡೆಹಲ್ಲಿನ ಮೇಲೆ ಅಡ್ಡಲಾಗಿ ಸಾಲುಗಟ್ಟಿರುವ ಏಣುಗಳು ಒತ್ತೊತ್ತಾಗಿ ಕಟ್ಟಿದ ಮನೆಗಳ ಮಾಡುಗಳಂತೆಯೇ ಕಾಣುತ್ತವೆ. ಇದು ಇಂದಿನ ಆನೆಯ ನೇರವಾದ ಪೂರ್ವಜವಲ್ಲ; ಸಂತಾನವಿಲ್ಲದೆ ಅಳಿದುಹೋದ ದಾಯಾದಿ.

ಶಿವನ ಹೆಸರಿನ ಶಿವಥೀರಿಯಮ್ ಇನ್ನೂ ವಿಚಿತ್ರವಾದುದು. ಥೀರಿಯಮ್ ಎಂದರೆ ಮೃಗ. ಆದುದರಿಂದ ಇದು ಶಿವಮೃಗ. ಕಣ್ಣುಗಳ ಮೇಲೆ ಎರಡು ಮೊನೆಗೊಂಬುಗಳು, ನೆತ್ತಿಯ ಹಿಂದೆ ಅಗಲವಾಗಿ ಹರಡಿದ ಮತ್ತೆರಡು ಕೊಂಬುಗಳು, ಗೂಳಿಯ ಮೈಕಟ್ಟು, ಗಿಡ್ಡ ಕತ್ತು. ೧೮೩೬ರಲ್ಲಿ ಇದನ್ನು ಮೊದಲು ವರ್ಣಿಸಿದವರು ಇದಕ್ಕೆ ಸೊಂಡಿಲೂ ಇದ್ದಿರಬೇಕೆಂದು ಭಾವಿಸಿದ್ದರು. ಇದು ಜಿರಾಫೆಯ ಕುಲಕ್ಕೆ ಸೇರಿದ್ದೆಂದು ತರುವಾಯದ ಪರಿಶೋಧನೆಗಳಿಂದ ಖಚಿತವಾಯಿತು. ಇದಲ್ಲದೆ ಬ್ರಹ್ಮನ ಮತ್ತು ವಿಷ್ಣುವಿನ ಹೆಸರಿನ ಮೃಗಗಳೂ ಈ ಕುಲದಲ್ಲಿ ಉಂಟು. ಬ್ರಹ್ಮಮೃಗದ ಎಲುಬು ಗುಜರಾತಿನ ಖಂಭಾತ ಕೊಲ್ಲಿಯ ಪೇರಿಮ್ ದ್ವೀಪದಲ್ಲಿಯೂ, ವಿಷ್ಣುಮೃಗದ್ದು ಬರ್ಮಾ ದೇಶದಲ್ಲಿಯೂ ದೊರೆತವು. ನಮ್ಮ ಕೆಳದಿಯ ದೇವಸ್ಥಾನದ ಮಾಳಿಗೆಯಲ್ಲಿ ಶಿಲ್ಪಿಯು ಕೆತ್ತಿರುವ ಗಂಡಭೇರುಂಡವನ್ನು ಕಂಡು, ಇಂತಹ ಪ್ರಾಣಿ ಎಲ್ಲಿಯಾದರೂ ಇದ್ದೀತೇ ಎಂದು ಮಕ್ಕಳು ಕೇಳುವುದುಂಟು. ಅದು ಕವಿಕಲ್ಪನೆ. ನಾಲ್ಕು ಕೊಂಬಿನ ಈ ಮೃಗವಾದರೋ ಮೆಯ್ದು, ನೀರು ಕುಡಿದು, ಮರಿ ಹಾಕಿ, ಸತ್ತದ್ದು.

ಇನ್ನು ನೀರಾನೆ. ಆಫ್ರಿಕಾ ಖಂಡದ ಪ್ರಾಣಿಯೆಂದು ನಾವು ಪಾಠದಲ್ಲಿ ಓದಿದ ಈ ಜಂತು ಒಂದು ಕಾಲದಲ್ಲಿ ನಮ್ಮ ದೇಶದ ಹೊಳೆಗಳಲ್ಲಿ ಮುಳುಗೇಳುತ್ತಿದ್ದಿತು. ಇಂದಿನ ನೀರಾನೆಯ ಕೆಳದವಡೆಯ ಮುಂದುಗಡೆ ನಾಲ್ಕು ಬಾಚಿಹಲ್ಲುಗಳಿದ್ದರೆ, ಶಿವಾಲಿಕದ ನೀರಾನೆಗೆ ಆರು ಇದ್ದವು. ಒಂಟೆ, ಕುದುರೆ, ಕತ್ತೆಕಿರುಬ, ಕತ್ತಿಯಂತಹ ಕೋರೆಯುಳ್ಳ ಬೆಕ್ಕಿನ ಕುಲದ ಹಿಂಸ್ರಮೃಗಗಳು, ಇವೆಲ್ಲವೂ ಆ ಬೆಟ್ಟಗಳಲ್ಲಿ ಸಿಕ್ಕಿವೆ. ಸ್ತನ್ಯಪ್ರಾಣಿಯಲ್ಲದಿದ್ದರೂ ಅವುಗಳ ಜೊತೆಯಲ್ಲಿ ದೊರೆತ ಒಂದು ಮಹಾಕೂರ್ಮವುಂಟು. ಆರು ಅಡಿಗೂ ಮೀರಿದ ಚಿಪ್ಪುಳ್ಳ ಈ ಆಮೆಯನ್ನು ಕಂಡುಹಿಡಿದವರಿಗೂ ಭೂಮಿಯನ್ನು ಹೊತ್ತ ಆದಿಕೂರ್ಮದ ಕಥೆಯೇ ನೆನಪಾಯಿತಂತೆ.

ಈ ಎಲುಬುಗಳು ಬೆಳಕಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಹ ತುಘಲಕನು ಆ ಸೀಮೆಯಲ್ಲಿ ಕಾಲುವೆ ತೋಡಿಸಿದಾಗ ಆನೆಯ ಎಲುಬುಗಳೂ ದೈತ್ಯಪುರುಷರ ಎಲುಬುಗಳೂ ಸಿಕ್ಕಿದವೆಂದು ಫಿರಿಷ್ತಾ ಎಂಬ ಚರಿತ್ರಕಾರನು ಬರೆದಿಟ್ಟಿದ್ದಾನೆ. ಅಲ್ಲಿಯ ಹಳ್ಳಿಗರು ಇವನ್ನು ರಾಕ್ಷಸರ ಎಲುಬುಗಳೆಂದೇ ನಂಬಿದ್ದರು. ೧೮೩೨ರಲ್ಲಿ ಸಹಾರನ್‌ಪುರದ ಸರಕಾರಿ ಸಸ್ಯೋದ್ಯಾನದ ಅಧಿಕಾರಕ್ಕೆ ಬಂದ ಹ್ಯೂ ಫಾಲ್ಕನರ್ ಎಂಬ ವೈದ್ಯನೂ, ಯಮುನೆಯ ಕಾಲುವೆಯ ಕೆಲಸದಲ್ಲಿದ್ದ ಪ್ರೋಬಿ ಕಾಟ್ಲಿ ಎಂಬ ಇಂಜಿನಿಯರನೂ ಸ್ನೇಹಿತರಾಗಿ ಈ ವಿಷಯದ ಬೆನ್ನುಹತ್ತಿದರು. ನಾಹನ್ ಸಂಸ್ಥಾನದ ರಾಜರು ತಮ್ಮಲ್ಲಿದ್ದ ‘ದೈತ್ಯನ ಹಲ್ಲ’ನ್ನು ಫಾಲ್ಕನರನಿಗೆ ಕಾಣಿಕೆಯಾಗಿ ಕೊಟ್ಟರು; ಅದು ಸಿಕ್ಕಿದ ಸ್ಥಳವನ್ನು ವಿಚಾರಿಸಿಕೊಂಡು ೧೮೩೪ರ ನವೆಂಬರಿನಲ್ಲಿ ಹೊರಟ ಅವನು, ಆರು ಗಂಟೆಗಳ ಅವಧಿಯಲ್ಲಿ ಮುನ್ನೂರಕ್ಕೂ ಹೆಚ್ಚು ಎಲುಬುಗಳನ್ನು ಆಯ್ದುಕೊಂಡನು. ೧೮೩೭ರಲ್ಲಿ ಲಂಡನ್ನಿನ ಭೂಗರ್ಭಶಾಸ್ತ್ರದ ಸಂಘವು ಈ ಇಬ್ಬರಿಗೂ ತನ್ನ ವೊಲಾಸ್ಟನ್ ಪದಕವನ್ನು ಕೊಟ್ಟು ಗೌರವಿಸಿತು. ಸಂಗ್ರಹದ ಬಹುಭಾಗವು ಸಮುದ್ರ ದಾಟಿ ಲಂಡನ್ನಿಗೆ ಹೋಯಿತು. ೧೮೫೧ರಲ್ಲಿ ಸ್ಥಾಪನೆಯಾದ ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆಯು ಮುಂದೆ ಕೈಗೊಂಡ ಶೋಧನೆಗಳಿಂದಾಗಿ ಕಲಕತ್ತೆಯ ಶಾಲೆಯೂ ತುಂಬಿತು.

ನಾವು ಒಂದು ದವಡೆಯ ಮುಂದೆ ನಿಂತಿದ್ದಾಗ, ನಮ್ಮೊಡನೆ ಬಂದಿದ್ದ ಹೊಸನಗರದ ಕಡೆಯ ಅಜ್ಜಿಯವರು, ಶಿವಮೊಗ್ಗೆಯಲ್ಲಿ ವಿಜ್ಞಾನ ಓದುತ್ತಿರುವ ಮೊಮ್ಮಗನನ್ನು ಕುರಿತು, “ಅಲ್ಲ ಮಾಣಿ, ನಮ್ಮ ಕಾಡಿನಲ್ಲಿ ಆನೆ, ಕಾಟಿ, ಹುಲಿ ಎಷ್ಟು ಸತ್ತಿರಲಿಕ್ಕಿಲ್ಲ! ತೋಟಕ್ಕೆ ಬಾವಿ ತೋಡಿದೆವು, ಕಪ್ಪು ಹೊಡೆದೆವು, ಮನೆಗೆ ಪಾಯ ತೆಗೆದೆವು. ಇಂಥದ್ದೊಂದು ಎಲುಬು ಸಿಕ್ಕಿದ್ದನ್ನು ಯಾರ ಬಾಯಲ್ಲಾದರೂ ಕೇಳಿದ್ದೀಯಾ?” ಎಂದರು. ಪ್ರಶ್ನೆಯು ಸರಳವಾಗಿ ಕಂಡರೂ, ಆ ಶಾಲೆಯಲ್ಲಿ ಕೇಳಬಹುದಾದ ಪ್ರಶ್ನೆಗಳಲ್ಲೆಲ್ಲ ಇದೇ ಹಿರಿದೆಂದು ನಮಗೆ ತೋರಿತು. ಹೊರಗೆ ಬಂದು ಅಂಗಳದ ಜಗಲಿಯಲ್ಲಿ ಕುಳಿತು, ಹುಡುಗನ ಓದು, ನಮ್ಮ ಅನುಭವ ಎರಡನ್ನೂ ಕೂಡಿಸಿ ಉತ್ತರವನ್ನು ಹುಡುಕಿದೆವು.

ಮೊದಲನೆಯ ಕಾರಣ, ನಮ್ಮ ಬಂಡೆಗಳ ವಯಸ್ಸು. ಮಲೆನಾಡಿನ ಅಡಿಗಲ್ಲುಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನವು. ಜಗತ್ತಿನಲ್ಲಿ ಎಲುಬುಳ್ಳ ಪ್ರಾಣಿಗಳು ಕಾಣಿಸಿಕೊಂಡು ಐವತ್ತು ಕೋಟಿ ವರ್ಷಗಳಾಗಿವೆ ಎಂಬುದು ಸ್ಥೂಲವಾದ ಲೆಕ್ಕ. ಎಲುಬೆಂಬುದೇ ಇಲ್ಲದ ಕಾಲದಲ್ಲಿ ಹುಟ್ಟಿದ ಕಲ್ಲಿನೊಳಗೆ ಆನೆಯ ಹಲ್ಲನ್ನು ಹುಡುಕಿದರೆ ಹೇಗೆ ಸಿಕ್ಕೀತು? ಶಿವಾಲಿಕದ ಪದರಗಳಾದರೋ ಭೂಮಿಯ ವಯಸ್ಸಿಗೆ ನಿನ್ನೆ ಮೊನ್ನೆಯವು; ಸುಮಾರು ಒಂದು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದಿನಿಂದ ಕೆಲವು ಲಕ್ಷ ವರ್ಷಗಳ ಹಿಂದಿನವರೆಗೆ ಸಂಚಯವಾದವು.

ಎರಡನೆಯ ಕಾರಣ, ಹೊಳೆಯ ಸ್ವಭಾವ. ಹಿಮಾಲಯವು ಏಳುತ್ತಿದ್ದ ಕಾಲದಲ್ಲಿ ಅಲ್ಲಿಂದ ಇಳಿದ ನದಿಗಳು ಅಪಾರವಾದ ಮಣ್ಣು, ಮರಳು, ಗುಂಡುಕಲ್ಲುಗಳನ್ನು ಬುಡದ ತಗ್ಗಿನಲ್ಲಿ ತಂದು ಸುರಿದವು. ನೀರಿಗೆ ಬಂದು ಸತ್ತ ಮೃಗವನ್ನು, ನರಿ ನಾಯಿಗಳು ಎಳೆದಾಡುವ ಮುನ್ನವೇ, ಪ್ರವಾಹದ ಕೆಸರು ಮುಚ್ಚಿಬಿಡುತ್ತಿತ್ತು. ಹೀಗೆ ಪದರದ ಮೇಲೆ ಪದರ ಬಿದ್ದು, ಕೆಲವೆಡೆ ಹದಿನೈದು ಸಾವಿರ ಅಡಿಗೂ ಹೆಚ್ಚು ದಪ್ಪವಾಯಿತು. ತರುವಾಯ ಹಿಮಾಲಯದ ಒತ್ತಡಕ್ಕೆ ಸಿಕ್ಕಿ ಆ ಪದರಗಳೇ ಬೆಟ್ಟವಾಗಿ ಎದ್ದುದರಿಂದ, ಹೂತುಹೋದ ಎಲುಬುಗಳು ಮತ್ತೆ ಮೇಲಕ್ಕೆ ಬಂದವು. ನಮ್ಮ ಶರಾವತಿಯೋ ಕೊರೆಯುವ ಹೊಳೆ, ಕಟ್ಟುವ ಹೊಳೆಯಲ್ಲ. ಜೋಗದಲ್ಲಿ ೮೩೦ ಅಡಿ ಧುಮುಕಿ, ದಾರಿಯಲ್ಲಿ ಸಿಕ್ಕಿದ ಮಣ್ಣನ್ನೆಲ್ಲ ಹೊನ್ನಾವರದ ಅಳಿವೆಗೆ ಒಯ್ದು ಸಮುದ್ರಕ್ಕೆ ಒಪ್ಪಿಸುತ್ತದೆ. ಎಲುಬನ್ನು ಮಲಗಿಸಲು ಹಾಸಿಗೆಯನ್ನೇ ಅದು ಹಾಸುವುದಿಲ್ಲ.

ಮೂರನೆಯ ಕಾರಣ, ಮಳೆ ಮತ್ತು ಮಣ್ಣು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೩೦೦ ಅಂಗುಲ ಮಳೆ ಬೀಳುತ್ತದೆ. ಇಷ್ಟು ಮಳೆಯು ನೆಲದಲ್ಲಿರುವ ಸುಣ್ಣ ಮೊದಲಾದ ಕರಗುವ ಅಂಶಗಳನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳ ಅಂಶವನ್ನೇ ಉಳಿಸುತ್ತದೆ. ಹಾಗೆ ಉಳಿದುದೇ ನಾವು ಗೋಡೆ ಕಟ್ಟುವ ಜಂಬಿಟ್ಟಿಗೆ. ೧೮೦೧ರಲ್ಲಿ ಇಕ್ಕೇರಿ, ಬಿದನೂರುಗಳ ಸೀಮೆಯಲ್ಲಿಯೂ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತನು, ಮಲೆಯಾಳ ದೇಶದಲ್ಲಿ ತಾನು ಕಂಡ ಇಂತಹದೇ ಕಲ್ಲಿಗೆ ಲ್ಯಾಟಿನ್ ಭಾಷೆಯ ‘ಇಟ್ಟಿಗೆ’ ಎಂಬ ಶಬ್ದದಿಂದಲೇ ಲ್ಯಾಟರೈಟ್ ಎಂಬ ಹೆಸರನ್ನು ಕಟ್ಟಿದನು. ಇಂತಹ ಹುಳಿಮಣ್ಣಿಗೆ ನಮ್ಮ ಅಡಕೆಯ ಬೆಳೆಗಾರರು ಸುಣ್ಣವನ್ನು ಕೊಂಡುತಂದು ಹಾಕುತ್ತಾರಷ್ಟೆ. ಎಲುಬಿನ ಗಟ್ಟಿತನವೆಲ್ಲವೂ ಸುಣ್ಣದ ಅಂಶದಿಂದಲೇ ಬಂದುದು. ಕಾಡಿನಲ್ಲಿ ಬಿದ್ದ ಕಾಟಿಯ ಎಲುಬನ್ನು ಮುಳ್ಳುಹಂದಿಯು ಕಡಿದು ಬಿಟ್ಟರೆ, ಉಳಿದುದನ್ನು ಹುಳಿನೀರು ಕರಗಿಸುತ್ತದೆ. ಆ ಸುಣ್ಣವನ್ನು ಮರದ ಬೇರು ಹೀರುತ್ತದೆ. ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ಗುರುತೇ ಇಲ್ಲವಾಗುತ್ತದೆ.

ಹಾಗೆಂದು ಕನ್ನಡನಾಡಿನಲ್ಲೆಲ್ಲಿಯೂ ಇಂತಹ ಎಲುಬುಗಳಿಲ್ಲವೆಂದು ತಿಳಿಯಬಾರದು. ಮಳೆ ಕಡಿಮೆಯಾದ, ನದಿಗಳು ಮಂದವಾಗಿ ಹರಿದು ಜೇಡಿಮಣ್ಣನ್ನು ಹಾಸಿದ ಬಯಲುಸೀಮೆಯ ಮಾತೇ ಬೇರೆ. ಬೆಳಗಾವಿ ಜಿಲ್ಲೆಯ ಗೋಕಾಕದ ಸಮೀಪದಲ್ಲಿ, ಘಟಪ್ರಭೆಯ ಕಣಿವೆಯಲ್ಲಿ, ತನ್ನ ಬರಹದಲ್ಲಿ ಚಿಕ್‌ದೌಲಿ ಎಂದು ಹೆಸರಿಸಿರುವ ಹಳ್ಳಿಯ ಹತ್ತಿರ, ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನಿಗೆ ಖಡ್ಗಮೃಗವೊಂದರ ಶಿಲೀಭೂತವಾದ ಎಲುಬುಗಳು ದೊರೆತವು. ೧೮೭೪ರಲ್ಲಿ ಅವನು ಅದನ್ನು ವರ್ಣಿಸಿ, ‘ದಖ್ಖನದ ಖಡ್ಗಮೃಗ’ ಎಂಬ ಅರ್ಥ ಬರುವ ಶಾಸ್ತ್ರೀಯ ನಾಮವನ್ನು ಕೊಟ್ಟನು. ಇಂದು ಭಾರತದಲ್ಲಿ ಖಡ್ಗಮೃಗವು ಮುಖ್ಯವಾಗಿ ಅಸ್ಸಾಮು ಮತ್ತು ಬಂಗಾಳದ ಉತ್ತರಭಾಗಗಳಲ್ಲಿ ಉಳಿದಿದೆ. ಜೋಳ, ಕಬ್ಬುಗಳು ಬೆಳೆಯುವ ಗೋಕಾಕದ ಬಯಲಿನಲ್ಲಿ ಒಂದು ಕಾಲಕ್ಕೆ ಅದು ಕೆಸರಾಡುತ್ತಿತ್ತೆಂಬುದನ್ನು ನಮಗೆ ಹೇಳಲು ಆ ಜೇಡಿಮಣ್ಣು ಇತ್ತು. ಮಲೆನಾಡಿನಲ್ಲಿ ಹಾಗೆ ಹೇಳುವವರಿಲ್ಲ.

ಇಲ್ಲಿಯವರೆಗಿನ ಮಾತು ಕುತೂಹಲದ್ದು. ನಮ್ಮ ಮನಸ್ಸನ್ನು ನಿಜವಾಗಿ ಕಲಕಿದುದು ಶಿವಾಲಿಕದ ಎಲುಬುಗಳೊಳಗಿನ ಬೇರೊಂದು ಕಥೆ. ಅಲ್ಲಿ ಶಿವಪಿಥೆಕಸ್ ಎಂಬ ಬಾಲವಿಲ್ಲದ ದೊಡ್ಡ ವಾನರವೊಂದು ಇದ್ದಿತು. ೧೯೧೦ರಲ್ಲಿ ಗೈ ಪಿಲ್‌ಗ್ರಿಮ್ ಎಂಬಾತನು ಇದಕ್ಕೆ ಹೆಸರಿಟ್ಟನು. ಇದರ ಮುಖವು ಇಂದು ಸುಮಾತ್ರಾ, ಬೋರ್ನಿಯೋ ದ್ವೀಪಗಳ ಕಾಡಿನಲ್ಲಿ ಮಾತ್ರ ಉಳಿದಿರುವ ಒರಾಂಗುಟಾನಿನ ಮುಖವನ್ನು ಹೋಲುತ್ತಿತ್ತು. ಆಗ ಆ ತಗ್ಗಿನಲ್ಲಿ ಕಾಡು ದಟ್ಟವಾಗಿತ್ತು. ಕ್ರಮೇಣ ಮಳೆಯ ರೀತಿ ಬದಲಾಯಿತು. ಮರಗಳು ವಿರಳವಾಗಿ, ಸುಮಾರು ಎಂಬತ್ತು ಲಕ್ಷ ವರ್ಷಗಳ ಹಿಂದಿನಿಂದ ಹುಲ್ಲುಗಾವಲು ಹಬ್ಬತೊಡಗಿತು. ಹುಲ್ಲು ಮೆಯ್ಯುವ ಮೃಗಗಳು ಹೆಚ್ಚಿದವು. ಹಣ್ಣುಗಳನ್ನು ನಂಬಿ ಮರಗಳ ಮೇಲೆ ಬಾಳುತ್ತಿದ್ದ ಈ ವಾನರವು ಎಂಬತ್ತೈದು ಲಕ್ಷ ವರ್ಷಗಳ ಈಚಿನ ಪದರಗಳಲ್ಲಿ ಕಾಣಿಸುವುದೇ ಇಲ್ಲ. ಅದನ್ನು ಯಾರೂ ಬೇಟೆಯಾಡಿ ಕೊಲ್ಲಲಿಲ್ಲ. ಆಗ ಮನುಷ್ಯನೇ ಇರಲಿಲ್ಲ. ಕಾಲ ಕೆಳಗಿನ ಕೊಂಬೆ ಹೋಯಿತು, ಅದೂ ಹೋಯಿತು.

ಇದನ್ನು ಓದಿದಾಗ ನಮಗೆ ನೆನಪಾದುದು ನಮ್ಮ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲ. ಪಶ್ಚಿಮಘಟ್ಟಗಳನ್ನು ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲಿಯೂ ಕಾಡಿನಲ್ಲಿ ಕಾಣದ ಈ ಕೋತಿಗೆ, ಶರಾವತಿ ಮತ್ತು ಅಘನಾಶಿನಿಯ ಕಣಿವೆಗಳೇ ಉತ್ತರದ ಕೊನೆಯ ನೆಲೆ. ಇದು ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ಕೊಂಬೆಗಳ ದಾರಿಯಲ್ಲಿಯೇ ಸಾಗುತ್ತದೆ. ನಡುವೆ ಅಗಲವಾದ ಬಯಲೋ ನೀರೋ ಬಂದರೆ, ಈ ಕಡೆಯ ಗುಂಪು ಈ ಕಡೆಗೆ, ಆ ಕಡೆಯದು ಆ ಕಡೆಗೆ. ೧೯೪೮ರಲ್ಲಿ ಮಡೆನೂರಿನ ಅಣೆಕಟ್ಟಿನಿಂದಲೂ, ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟಿನಿಂದಲೂ ಶರಾವತಿಯ ಕಣಿವೆಯಲ್ಲಿ ಎಷ್ಟು ಹಳ್ಳಿ, ಎಷ್ಟು ಕಾಡು ಮುಳುಗಿತೆಂಬುದನ್ನು ನಮ್ಮ ಮೂರು ಮನೆಗಳವರಿಗೂ ಯಾರೂ ಹೇಳಬೇಕಾಗಿಲ್ಲ. ಆ ನೀರಿನಿಂದ ನಾಡಿಗೆ ಬೆಳಕು ಬಂದುದೂ ನಿಜವೇ. ೨೦೧೯ರಲ್ಲಿ ಸರಕಾರವು ಶರಾವತಿ ಕಣಿವೆಯ ಕಾಡನ್ನು ಸಿಂಗಳೀಕದ ಅಭಯಾರಣ್ಯವೆಂದು ಸಾರಿತು. ಆದರೂ ಹಿಮಾಲಯದ ಬುಡದಲ್ಲಿ ಲಕ್ಷಾಂತರ ವರ್ಷ ಹಿಡಿದ ಬದಲಾವಣೆಯು ನಮ್ಮಲ್ಲಿ ಒಂದೆರಡು ತಲೆಮಾರುಗಳಲ್ಲಿ ಆಗಿಬಿಡಬಹುದೆಂಬ ಭಯವು ಸುಳ್ಳಲ್ಲ.

ಶಿವಪಿಥೆಕಸ್ ಅಳಿದರೂ ಅದರ ದವಡೆಯು ಉಳಿಯಿತು. ನಮ್ಮ ಸಿಂಗಳೀಕ ಅಳಿದರೆ, ಮೇಲೆ ಹೇಳಿದ ಮೂರು ಕಾರಣಗಳಿಂದ, ನಮ್ಮ ನೆಲವು ಅದರ ಒಂದು ಹಲ್ಲನ್ನೂ ಕಾದಿಡಲಾರದು. ಕಾಟಿಗೂ ಕಡವೆಗೂ ಮೊಲದ ಗಾತ್ರದ ಬರ್ಕಕ್ಕೂ ಇದೇ ಮಾತು. ಈ ಬರ್ಕದ ಕುಲದವುಗಳ ಎಲುಬುಗಳು ಶಿವಾಲಿಕದಲ್ಲಿ ಕಲ್ಲಾಗಿ ಸಿಕ್ಕಿವೆ. ನಮ್ಮ ಕಾಡಿನಲ್ಲಿ ಅದು ಇಂದಿಗೂ ರಾತ್ರಿಯ ಹೊತ್ತು ತರಗೆಲೆಗಳ ಮೇಲೆ ಸದ್ದಿಲ್ಲದೆ ಓಡಾಡುತ್ತಿದೆ. ಕಲಕತ್ತೆಯ ಶಾಲೆಯಲ್ಲಿರುವುದು ಸತ್ತವುಗಳ ಸಂಗ್ರಹ. ನಮಗೆ ಸಾಧ್ಯವಾದ ಸಂಗ್ರಹಾಲಯವು ಬದುಕಿರುವ ಕಾಡೊಂದೇ. ಅಜ್ಜಿಯವರು ಇದೆಲ್ಲವನ್ನೂ ಕೇಳಿ, “ಹಾಗಾದರೆ ಇದ್ದದ್ದನ್ನು ಇದ್ದ ಹಾಗೆಯೇ ನೋಡಿಕೊಳ್ಳಬೇಕು ಅನ್ನು” ಎಂದಷ್ಟೇ ಹೇಳಿದರು.

ಕಲಕತ್ತೆಗೆ ಹೋಗುವ ವಾಚಕರಿಗೆ ಒಂದೆರಡು ಸೂಚನೆಗಳು. ಸಂಗ್ರಹಾಲಯಕ್ಕೆ ಸೋಮವಾರ ರಜೆ. ಕೆಲವು ಶಾಲೆಗಳನ್ನು ದುರಸ್ತಿಗಾಗಿ ಮುಚ್ಚಿರುವುದೂ ಉಂಟಾದುದರಿಂದ ಮೊದಲೇ ವಿಚಾರಿಸುವುದು ಲೇಸು. ಮಕ್ಕಳನ್ನು ಬೆಳಗ್ಗೆಯೇ, ದಣಿಯುವ ಮೊದಲೇ, ಶಿವಾಲಿಕ ಶಾಲೆಗೆ ಕರೆದೊಯ್ಯಿರಿ. ಹರದ್ವಾರ, ಕುರುಕ್ಷೇತ್ರಗಳ ಕಡೆಗೆ ಹೋದವರು ಹಿಮಾಚಲ ಪ್ರದೇಶದ ನಾಹನ್ ಪಟ್ಟಣದ ಸಮೀಪ ಸಾಕೇತಿಯೆಂಬಲ್ಲಿ ೧೯೭೪ರಲ್ಲಿ ಆರಂಭವಾದ ಪಳೆಯುಳಿಕೆಗಳ ಉದ್ಯಾನವನ್ನು ನೋಡಬಹುದು; ಅಲ್ಲಿ ಈ ಮೃಗಗಳನ್ನು ಜೀವಗಾತ್ರದ ಮೂರ್ತಿಗಳಾಗಿ ನಿಲ್ಲಿಸಿದ್ದಾರೆ. ದೂರದ ಪ್ರಯಾಣ ಒದಗದವರಿಗೆ ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ ೧೯೯೫ರಲ್ಲಿ ಸ್ಥಾಪನೆಯಾದ ಪ್ರಾಕೃತಿಕ ಇತಿಹಾಸದ ಸಂಗ್ರಹಾಲಯವಿದೆ.

ಊರಿಗೆ ಬಂದವರು ಮಾಡಬಹುದಾದ ಕೆಲಸವೂ ಒಂದಿದೆ. ನಮ್ಮ ಕಡೆಯ ಅನೇಕ ಅಡಕೆತೋಟಗಳಿಗೆ ಸೊಪ್ಪಿನಬೆಟ್ಟವೂ, ಹಲವು ಊರುಗಳಿಗೆ ಕಾನೂ ಉಂಟು. ಸೊಪ್ಪನ್ನು ಕಡಿಯುವಾಗ ಮರವನ್ನು ಬೋಳು ಮಾಡದೆ ತುದಿಯ ಕೊಂಬೆಗಳನ್ನು ಬಿಡುವುದು, ಹಣ್ಣಿನ ಮರಗಳನ್ನು ಉಳಿಸುವುದು, ಪಕ್ಕದವರ ಬೆಟ್ಟದ ಮರಕ್ಕೂ ನಮ್ಮ ಬೆಟ್ಟದ ಮರಕ್ಕೂ ಕೊಂಬೆ ತಾಗುವಂತೆ ಅಂಚಿನಲ್ಲಿ ಸಸಿಗಳನ್ನು ಬೆಳೆಸುವುದು, ಇವು ಸರಕಾರದ ಅಪ್ಪಣೆಗೆ ಕಾಯಬೇಕಾದ ಕೆಲಸಗಳಲ್ಲ. ಕಲಕತ್ತೆಯಿಂದ ಹಿಂತಿರುಗಿದ ವರ್ಷದ ಮಳೆಗಾಲದಲ್ಲಿ ನಮ್ಮ ಮೂರು ಮನೆಗಳವರೂ ತಮ್ಮ ತಮ್ಮ ಬೆಟ್ಟದ ಅಂಚಿಗೆ ಹಲಸು, ನೇರಳೆ, ರಾಮಪತ್ರೆಯ ಸಸಿಗಳನ್ನು ನೆಟ್ಟೆವು. ಕೆಲವನ್ನು ಕಡವೆ ತಿಂದಿತು. ಉಳಿದವು ಈಗ ಆಳೆತ್ತರವಾಗಿವೆ.